ಬಾಟ್ಲಿಯ ಗೋಡೆ ಅಲುಗುವುದಿಲ್ಲ

ಶ್ವಾಸೋಚ್ಛ್ವಾಸದ ಪಾಠ ಬಂತೆಂದರೆ ನಮ್ಮ ಶಾಲೆಗಳಲ್ಲಿ ಒಂದು ಪ್ಲಾಸ್ಟಿಕ್ ಬಾಟ್ಲಿಯ ತಳ ಹೋಯಿತೆಂದೇ ಲೆಕ್ಕ. ತಳ ಕತ್ತರಿಸಿ ಅಲ್ಲಿಗೆ ಬೆಲೂನಿನ ರಬ್ಬರ್ ಬಿಗಿದು, ಮುಚ್ಚಳದ ತೂತಿನಿಂದ ಕವಲೊಡೆದ ಕೊಳವೆ ಇಳಿಸಿ, ಅದರ ತುದಿಗಳಿಗೆ ಎರಡು ಪುಟ್ಟ ಬೆಲೂನು ಕಟ್ಟಿದರೆ ಶ್ವಾಸಕೋಶ ತಯಾರು. ಕೆಳಗಿನ ರಬ್ಬರ್ ಎಳೆದಾಗ ಒಳಗಿನ ಬೆಲೂನು ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಮಕ್ಕಳಿಗೆ ಖುಷಿ, ನಮಗೂ ಖುಷಿ. ಪಾಠಕ್ಕೂ ಆಯಿತು, ವಿಜ್ಞಾನ ಮೇಳಕ್ಕೂ ಆಯಿತು.

ಈ ಮಾದರಿಯ ಮೇಲೆ ನನಗೆ ಸಿಟ್ಟೇನೂ ಇಲ್ಲ. ಒತ್ತಡ ಕಡಿಮೆಯಾದ ಕಡೆಗೆ ಗಾಳಿ ನುಗ್ಗುತ್ತದೆ ಎಂಬುದನ್ನು ಇಷ್ಟು ಅಗ್ಗದಲ್ಲಿ ತೋರಿಸುವ ಸಾಧನ ಬೇರೆ ಸಿಗಲಿಕ್ಕಿಲ್ಲ. ಆದರೆ ಅದು ಹೇಳದೆ ಬಿಡುವ ಒಂದು ಸಂಗತಿ ಉಂಟು. ಅದನ್ನು ನಾವೂ ಹೇಳದೆ ಬಿಟ್ಟರೆ ಮಕ್ಕಳು ತಮ್ಮ ಎದೆಯನ್ನು ಒಂದು ಗಟ್ಟಿ ಬಾಟ್ಲಿ ಎಂದೇ ತಿಳಿದುಕೊಂಡು ಹೋಗ್ತಾರೆ. ಬಾಟ್ಲಿಯ ಗೋಡೆ ಅಲುಗುವುದಿಲ್ಲ. ನಮ್ಮ ಎದೆಯ ಗೋಡೆ ದಿನವಿಡೀ ಅಲುಗುತ್ತಲೇ ಇರುತ್ತದೆ. ಅದು ಅಲುಗಬೇಕಾದರೆ ಬೆನ್ನಿನ ಮೇಲ್ಭಾಗ ಅಲುಗಬೇಕು. ಈ ಪಾಠದಲ್ಲಿ ಬೆನ್ನಿನ ಹೆಸರು ಬರುವುದೇ ಇಲ್ಲ. ನಾನು ಈ ಬರಹದಲ್ಲಿ ವಾದಿಸಲು ಹೊರಟದ್ದು ಅದರ ಬಗ್ಗೆ: ಉಸಿರಾಟದ ಪಾಠವನ್ನು ಬೆನ್ನಿನಿಂದ ಶುರುಮಾಡೋಣ, ಮತ್ತು ಆ ನೆಪದಲ್ಲಾದರೂ ತರಗತಿಯಲ್ಲಿ ಮಕ್ಕಳು ಕೂರುವ ರೀತಿಯನ್ನು, ಕಳೆದುಹೋದ ಆಟದ ಪಿರಿಯಡನ್ನು ಸ್ವಲ್ಪ ನೋಡೋಣ.

ಮೊದಲು ರಚನೆ. ಮನುಷ್ಯನ ಎದೆಭಾಗದ ಹಿಂದೆ ಬೆನ್ನೆಲುಬಿನ 12 ಮಣಿಗಳಿವೆ. ಅವುಗಳಿಗೆ 12 ಜೊತೆ ಪಕ್ಕೆಲುಬುಗಳು. ಚಿತ್ರದಲ್ಲಿ ಮುಂದಿನಿಂದ ನೋಡುವುದರಿಂದ ಪಕ್ಕೆಲುಬು ಎದೆಮೂಳೆಯಿಂದ ಹೊರಟು ಹಿಂದೆ ಹೋಗುತ್ತದೆ ಎಂಬ ಭಾವನೆ ಬರುತ್ತದೆ. ವಾಸ್ತವದಲ್ಲಿ ಎಲ್ಲ ಪಕ್ಕೆಲುಬುಗಳಿಗೂ ತಪ್ಪದೆ ಇರುವ ಆಧಾರ ಬೆನ್ನಿನದ್ದು. ಮೇಲಿನ 7 ಜೊತೆ ಮಾತ್ರ ಮುಂದೆ ಎದೆಮೂಳೆಗೆ ನೇರವಾಗಿ ತಮ್ಮದೇ ಮೃದ್ವಸ್ಥಿಯಿಂದ ಸೇರುತ್ತವೆ. 8ರಿಂದ 10ರವರೆಗಿನವು ಮೇಲಿನದರ ಮೃದ್ವಸ್ಥಿಗೆ ಆತುಕೊಳ್ಳುತ್ತವೆ. 11 ಮತ್ತು 12 ಮುಂದೆ ಎಲ್ಲಿಗೂ ಸೇರುವುದಿಲ್ಲ. ಆದರೆ ಹಿಂದೆ ಹನ್ನೆರಡೂ ಜೊತೆಗಳಿಗೆ ಕೀಲುಂಟು. ಅಷ್ಟೇ ಅಲ್ಲ, ಮೊದಲ 10 ಜೊತೆಗಳಿಗೆ ಬೆನ್ನಿನಲ್ಲಿ ಎರಡೆರಡು ಕೀಲು: ಒಂದು ಮಣಿಯ ದೇಹದೊಂದಿಗೆ, ಇನ್ನೊಂದು ಮಣಿಯ ಪಕ್ಕಕ್ಕೆ ಚಾಚಿದ ಮೂಳೆಯೊಂದಿಗೆ. ಲೆಕ್ಕ ಹಾಕಿ ನೋಡಿ, ಪಕ್ಕೆಲುಬಿಗೂ ಬೆನ್ನೆಲುಬಿಗೂ ನಡುವೆಯೇ 44 ಕೀಲು. ಮಣಿ ಮಣಿಗಳ ನಡುವಿನವು ಬೇರೆ.

ಈ ಎರಡೆರಡು ಕೀಲುಗಳ ನಡುವೆ ಒಂದು ಗೆರೆ ಎಳೆದರೆ ಅದೇ ಪಕ್ಕೆಲುಬು ತಿರುಗುವ ಅಕ್ಷ. ಬಾಗಿಲಿಗೆ ಎರಡು ತಿರುಗಣಿ ಇದ್ದ ಹಾಗೆ. ಮೇಲಿನ ಪಕ್ಕೆಲುಬುಗಳಲ್ಲಿ ಈ ಅಕ್ಷ ಹೆಚ್ಚುಕಡಿಮೆ ಎಡದಿಂದ ಬಲಕ್ಕೆ ಇರುವುದರಿಂದ ಅವು ತಿರುಗಿದಾಗ ಮುಂದಿನ ತುದಿ ಮೇಲೇಳುತ್ತದೆ, ಎದೆಮೂಳೆ ಮುಂದಕ್ಕೂ ಮೇಲಕ್ಕೂ ಬರುತ್ತದೆ. ಕೈಪಂಪಿನ ಹಿಡಿಯನ್ನು ಎತ್ತಿದ ಹಾಗೆ. ಕೆಳಗಿನ ಪಕ್ಕೆಲುಬುಗಳಲ್ಲಿ ಅಕ್ಷ ಹಿಂದಕ್ಕೆ ಓರೆಯಾಗಿದೆ, ಆದ್ದರಿಂದ ಅವು ಪಕ್ಕಕ್ಕೆ ಅಗಲವಾಗುತ್ತವೆ. ಇದಕ್ಕೆ ಬಾಲ್ದಿಯ ಹಿಡಿ ಒಳ್ಳೆಯ ಹೋಲಿಕೆ. ಬಾಲ್ದಿಯ ಬದಿಗೆ ಒರಗಿ ಬಿದ್ದ ಹಿಡಿಯನ್ನು ಎತ್ತಿ ನೋಡಿ, ನಡುಭಾಗ ಮೊದಲು ಹೊರಗೆ ಸರಿದು ಮತ್ತೆ ಮೇಲೇಳುತ್ತದೆ. ನಮ್ಮೂರಿನ ಮಕ್ಕಳಿಗೆ ಬಾವಿಯೂ ಗೊತ್ತು, ಬಾಲ್ದಿಯೂ ಗೊತ್ತು. ಬಾಟ್ಲಿಯ ಪಕ್ಕದಲ್ಲಿ ಒಂದು ಬಾಲ್ದಿಯನ್ನೂ ಇಟ್ಟುಕೊಂಡು ಪಾಠ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ವಪೆಯ ಪಾತ್ರವನ್ನು ನಾನು ಕಡಿಮೆ ಮಾಡಿ ಹೇಳ್ತಾ ಇಲ್ಲ. ಸುಮ್ಮನೆ ಕೂತಾಗಿನ ಉಸಿರಾಟದಲ್ಲಿ ದೊಡ್ಡ ಪಾಲು ಅದರದ್ದೇ. ಆದರೆ ವಪೆ ಅಂಟಿಕೊಂಡಿರುವುದು ಎಲ್ಲಿಗೆ? ಕೆಳಗಿನ ಪಕ್ಕೆಲುಬುಗಳ ಒಳಬದಿಗೆ, ಎದೆಮೂಳೆಯ ತುದಿಗೆ, ಹಿಂದೆ ಸೊಂಟದ ಮಣಿಗಳಿಗೆ. ಡೇರೆಯ ಬಟ್ಟೆ ಎಷ್ಟು ಒಳ್ಳೆಯದಿದ್ದರೂ ಗೂಟ ಓರೆಯಾದರೆ ಡೇರೆ ನೆಟ್ಟಗೆ ನಿಲ್ಲುವುದಿಲ್ಲವಲ್ಲ, ಇದೂ ಹಾಗೆಯೇ. ಬೆನ್ನು ಬಾಗಿ ಕುಗ್ಗಿ ಕೂತಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಮುಂಭಾಗದಲ್ಲಿ ಪಕ್ಕೆಲುಬುಗಳು ಒಂದರ ಮೇಲೊಂದು ಒತ್ತಿಕೊಂಡು ಏಳಲು ಜಾಗವಿಲ್ಲದಂತಾಗುತ್ತದೆ. ಹೊಟ್ಟೆಯೊಳಗಿನದ್ದೆಲ್ಲ ಮೇಲಕ್ಕೆ ತಳ್ಳಲ್ಪಟ್ಟು ವಪೆಗೆ ಕೆಳಗಿಳಿಯಲು ತಡೆಯಾಗುತ್ತದೆ. ಉಂಡ ಮೇಲೆ ಮುದುಡಿ ಕೂತಾಗ ಉಸಿರು ಹಿಡಿದಂತಾಗುವ ಅನುಭವ ಯಾರಿಗಿಲ್ಲ ಹೇಳಿ.

ಅಳೆದು ನೋಡಿದವರೂ ಇದ್ದಾರೆ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ ತನ್ನ ಸ್ಪೈರೋಮೀಟರಿನ ಅಳತೆಗಳನ್ನು ಪ್ರಕಟಿಸಿದ. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿ, ಪೂರ್ತಿ ಎಳೆದುಕೊಂಡ ಉಸಿರನ್ನು ಪೂರ್ತಿ ಹೊರಬಿಟ್ಟಾಗ ಎಷ್ಟು ಗಾಳಿ ಬರುತ್ತದೆಂದು ನೋಡಿದ. ಅದು ಎತ್ತರಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದು ಅವನ ಪ್ರಸಿದ್ಧ ಶೋಧ. ನಿಂತಾಗಿನ ಅಳತೆಯೂ ಮಲಗಿದಾಗಿನ ಅಳತೆಯೂ ಒಂದೇ ಅಲ್ಲ ಎಂಬುದು ಕೂಡ ಅಂದಿನಿಂದ ತಿಳಿದ ವಿಷಯ. ಹತ್ತಿರದ ಕಾಲಕ್ಕೆ ಬಂದರೆ, 2006ರಲ್ಲಿ ಅಮೆರಿಕದ ಸಂಶೋಧಕರು 70 ಮಂದಿ ಆರೋಗ್ಯವಂತರನ್ನು ಬೇರೆ ಬೇರೆ ಭಂಗಿಗಳಲ್ಲಿ ಊದಿಸಿ ನೋಡಿದರು. ಕುಗ್ಗಿ ಕೂತಾಗ ಶ್ವಾಸದ ಸಾಮರ್ಥ್ಯವೂ, ಗಾಳಿ ಹೊರಬರುವ ವೇಗವೂ ನಿಂತಾಗಿನದ್ದಕ್ಕಿಂತ, ನೆಟ್ಟಗೆ ಕೂತಾಗಿನದ್ದಕ್ಕಿಂತ ಕಡಿಮೆಯಾಗಿತ್ತು. ಕಾಯಿಲೆ ಇಲ್ಲದವರಲ್ಲೂ ಭಂಗಿಯೊಂದೇ ಇಷ್ಟು ವ್ಯತ್ಯಾಸ ಮಾಡುತ್ತದೆ.

ಇಲ್ಲಿಂದ ಮುಂದಕ್ಕೆ ಸ್ವಲ್ಪ ನಿಧಾನ. ಯಾಕೆಂದರೆ ಇಲ್ಲಿಯೇ ನಾವು ಮೇಷ್ಟ್ರುಗಳೂ ಟೀಚರುಗಳೂ ಬಾಯಿಗೆ ಬಂದದ್ದನ್ನು ಹೇಳಿಬಿಡುವುದು. "ನೆಟ್ಟಗೆ ಕೂತ್ಕೊಳ್ಳಿ, ಮೆದುಳಿಗೆ ಆಮ್ಲಜನಕ ಹೋಗ್ತದೆ." ವಾಟ್ಸಾಪಿನಲ್ಲಿ ಬರುವುದೂ ಇದೇ: ದಿನಕ್ಕೆ ಇಷ್ಟು ದೀರ್ಘ ಉಸಿರು ಎಳೆದರೆ ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕಿ ಉತ್ಸಾಹ ಬರುತ್ತದೆ ಅಂತ. ಕೊರೋನಾ ಕಾಲದಲ್ಲಿ ಮನೆ ಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇನ್ನೂ ಯಾರದ್ದಾದರೂ ಕಪಾಟಿನಲ್ಲಿ ಇರಬಹುದು. ಹಾಕಿ ನೋಡಿ. ಆರೋಗ್ಯವಂತ ಮಗು ನೆಟ್ಟಗೆ ಕೂತರೂ ಕುಗ್ಗಿ ಕೂತರೂ 95ಕ್ಕಿಂತ ಮೇಲೆ, ಹೆಚ್ಚಾಗಿ 97, 98 ಎಂದೇ ತೋರಿಸುತ್ತದೆ. ರಕ್ತದ ಹಿಮೋಗ್ಲೋಬಿನ್ ಮೊದಲೇ ಹೆಚ್ಚುಕಡಿಮೆ ತುಂಬಿರುವಾಗ ಅದಕ್ಕೆ ಇನ್ನಷ್ಟು ತುಂಬಿಸಲು ಜಾಗ ಎಲ್ಲಿದೆ? ಮಾತ್ರವಲ್ಲ, ಅಗತ್ಯವಿಲ್ಲದೆ ಜೋರುಜೋರಾಗಿ ಉಸಿರೆಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಸುತ್ತುತ್ತದೆ, ಬೆರಳ ತುದಿ ಜುಮುಗುಡುತ್ತದೆ. ಬೆಲೂನು ಊದುವ ಸ್ಪರ್ಧೆಯಲ್ಲಿ ಮಕ್ಕಳು ತೂರಾಡುವುದು ಇದೇ ಕಾರಣಕ್ಕೆ.

ಮಧ್ಯಾಹ್ನ ಬಿಸಿಯೂಟದ ನಂತರದ ಪಿರಿಯಡಿನ ಆಕಳಿಕೆಯನ್ನೂ ನಾವು ಆಮ್ಲಜನಕದ ತಲೆಗೆ ಕಟ್ಟುತ್ತೇವೆ. 1987ರಲ್ಲಿ ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಸಂಗಡಿಗರು ಶುದ್ಧ ಆಮ್ಲಜನಕ ಕೊಟ್ಟು ನೋಡಿದರು, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ಗಾಳಿ ಕೊಟ್ಟು ನೋಡಿದರು. ಆಕಳಿಕೆಯ ಸಂಖ್ಯೆ ಬದಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೇಹದ ಗಡಿಯಾರವೇ ಸ್ವಲ್ಪ ಮಂದವಾಗುತ್ತದೆ. ಅದರ ಮೇಲೆ ಜೂನ್, ಜುಲೈ ತಿಂಗಳ ಮಳೆಗೆ ಕಿಟಕಿ ಮುಚ್ಚಿ ನಲವತ್ತು ಮಕ್ಕಳನ್ನು ಕೂರಿಸಿದರೆ, ಹೊರಗೆ ಹತ್ತು ಲಕ್ಷದಲ್ಲಿ 420 ಭಾಗದಷ್ಟಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಸಾವಿರ ದಾಟಲು ಹೆಚ್ಚು ಹೊತ್ತು ಬೇಡ. ಬೆನ್ನಿಗೆ ಬುದ್ಧಿ ಹೇಳುವ ಮೊದಲು ಗಾಳಿ ಬರುವ ಬದಿಯ ಒಂದು ಕಿಟಕಿ ತೆರೆಯಿರಿ.

ಹಾಗಾದರೆ ಬೆನ್ನಿನ ಚಲನೆಗೂ ಚೈತನ್ಯಕ್ಕೂ ಸಂಬಂಧವೇ ಇಲ್ಲವೇ? ಉಂಟು. ಆದರೆ ಅದು ಆಮ್ಲಜನಕದ ಪ್ರಮಾಣದಲ್ಲಿ ಅಲ್ಲ, ಆ ಆಮ್ಲಜನಕವನ್ನು ತರಲು ನಾವು ಕೊಡುವ ಬೆಲೆಯಲ್ಲಿ.

ಒಂದು ಸಣ್ಣ ಲೆಕ್ಕ. ಇದನ್ನು ಎಂಟು, ಒಂಬತ್ತನೇ ತರಗತಿಯ ಹಲಗೆಯ ಮೇಲೂ ಮಾಡಬಹುದು. ವಯಸ್ಕರೊಬ್ಬರು ಒಂದು ಉಸಿರಿಗೆ 500 ಮಿಲಿಲೀಟರ್ ಗಾಳಿ ಎಳೆದು, ನಿಮಿಷಕ್ಕೆ 12 ಸಲ ಉಸಿರಾಡಿದರೆ ಒಟ್ಟು 6000 ಮಿಲಿಲೀಟರ್. ಇನ್ನೊಬ್ಬರು 250 ಮಿಲಿಲೀಟರಿನಂತೆ 24 ಸಲ ಉಸಿರಾಡಿದರೂ ಅಷ್ಟೇ 6000. ಮೇಲ್ನೋಟಕ್ಕೆ ಇಬ್ಬರೂ ಸಮ. ಆದರೆ ಪ್ರತಿ ಉಸಿರಿನಲ್ಲಿ ಸುಮಾರು 150 ಮಿಲಿಲೀಟರ್ ಗಾಳಿ ಮೂಗು, ಗಂಟಲು, ಶ್ವಾಸನಾಳದ ದಾರಿಯಲ್ಲೇ ಉಳಿದು ವಾಯುಕೋಶದ ತನಕ ಮುಟ್ಟುವುದೇ ಇಲ್ಲ. ಅದನ್ನು ಕಳೆಯಿರಿ. ಮೊದಲನೆಯವರಿಗೆ 350ರಂತೆ 12 ಸಲ, ಅಂದರೆ 4200. ಎರಡನೆಯವರಿಗೆ 100ರಂತೆ 24 ಸಲ, ಅಂದರೆ 2400. ಇದು ಲೆಕ್ಕಕ್ಕಾಗಿ ಹಿಗ್ಗಿಸಿದ ಉದಾಹರಣೆ ಎಂಬುದೇನೋ ಸರಿ. ನಿಜದ ದೇಹ 2400ಕ್ಕೆ ತೃಪ್ತಿಪಡುವುದಿಲ್ಲ, ಇನ್ನಷ್ಟು ಬೇಗ ಉಸಿರಾಡಿಯೋ ಆಳವಾಗಿ ಎಳೆದೋ ಕೊರತೆಯನ್ನು ತುಂಬಿಸಿಕೊಳ್ಳುತ್ತದೆ. ಹಾಗೆ ತುಂಬಿಸಿಕೊಳ್ಳಲು ಸ್ನಾಯುಗಳು ಹೆಚ್ಚು ದುಡಿಯಬೇಕು ಎಂಬುದೇ ಇಲ್ಲಿಯ ವಿಷಯ.

ಸುಮ್ಮನಿರುವಾಗ ಉಸಿರಾಟಕ್ಕೆ ದೇಹ ಖರ್ಚು ಮಾಡುವ ಶಕ್ತಿ ಒಟ್ಟಿನ ಶೇಕಡಾ 5ಕ್ಕಿಂತ ಕಡಿಮೆ. ಹಾಗಾಗಿ ಬೆಂಚಿನ ಮೇಲೆ ಕುಗ್ಗಿ ಕೂತ ಮಗು ಬರೀ ಉಸಿರಾಟದಿಂದಲೇ ದಣಿಯಿತು ಎಂದು ನಾನು ಹೇಳಲಾರೆ. ಆದರೆ ಅದೇ ಮಗು ಎದ್ದು ಗುಡ್ಡ ಹತ್ತಲಿ, ಕಬಡ್ಡಿ ಆಡಲಿ, ಆಗ ವಪೆಯೊಂದೇ ಸಾಕಾಗುವುದಿಲ್ಲ. ಪಕ್ಕೆಲುಬುಗಳು ತೆರೆದುಕೊಳ್ಳಬೇಕು. ಅವು ತೆರೆದುಕೊಳ್ಳಲು ಹಿಂಜರಿದರೆ ಕತ್ತಿನ ಮತ್ತು ಹೆಗಲಿನ ಸ್ನಾಯುಗಳು ಮೇಲಿನ ಪಕ್ಕೆಲುಬುಗಳನ್ನು ಎಳೆದೆತ್ತುವ ಕೆಲಸಕ್ಕೆ ಇಳಿಯುತ್ತವೆ. ಅವು ಓಡುವ ಹೊತ್ತಿಗೆ ಇರುವ ಸಹಾಯಕರು, ದಿನವಿಡೀ ದುಡಿಸಿಕೊಳ್ಳಲಿಕ್ಕೆ ಇರುವವಲ್ಲ. ಸಂಜೆ ಹೊತ್ತಿಗೆ ಕತ್ತು, ಭುಜ ಕಲ್ಲಿನ ಹಾಗೆ ಆಗ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೇಳುವವರನ್ನು ಗಮನಿಸಿ, ಅವರ ಉಸಿರು ಎಲ್ಲಿ ಏಳುತ್ತದೆ ಎಂದು ನೋಡಿ. ಹೆಚ್ಚಿನವರದ್ದು ಕಾಲರಿನ ಕೆಳಗೆ ಏಳುತ್ತದೆ, ಪಕ್ಕೆಗಳಲ್ಲಿ ಅಲ್ಲ.

ಬೆನ್ನಿನ ಕೀಲುಗಳು ಪೂರ್ತಿ ಕೆಲಸ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಉದಾಹರಣೆ ಇದೆ. ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಯಲ್ಲಿ ಬೆನ್ನೆಲುಬಿನ ಕೀಲುಗಳಿಗೆ ಉರಿಯೂತ ಬಂದು, ಕೆಲವರಲ್ಲಿ ಕಾಲಕ್ರಮೇಣ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪಕ್ಕೆಲುಬುಗಳ ಹಿಂದಿನ ಕೀಲುಗಳಿಗೂ ಅದೇ ಗತಿ. ವೈದ್ಯರು ಇವರ ಎದೆಯ ಸುತ್ತ ಟೇಪು ಹಿಡಿದು ಉಸಿರು ಬಿಟ್ಟಾಗಿನ ಅಳತೆಗೂ ಎಳೆದಾಗಿನ ಅಳತೆಗೂ ಇರುವ ವ್ಯತ್ಯಾಸ ನೋಡುತ್ತಾರೆ. ಆರೋಗ್ಯವಂತ ಯುವಕರಲ್ಲಿ ಅದು ಸಾಮಾನ್ಯವಾಗಿ 5 ಸೆಂಟಿಮೀಟರ್ ಆಸುಪಾಸು ಅಥವಾ ಮೇಲೆ. 2.5ಕ್ಕಿಂತ ಕೆಳಗೆ ಬಂದರೆ ಅನುಮಾನ. ಸ್ವಾರಸ್ಯ ಏನೆಂದರೆ, ಎದೆಯ ಗೋಡೆ ಇಷ್ಟು ಬಿಗಿದರೂ ಇವರಲ್ಲಿ ಹೆಚ್ಚಿನವರಿಗೆ ಸುಮ್ಮನೆ ಕೂತಾಗ ಏದುಸಿರು ಬರುವುದಿಲ್ಲ, ವಪೆ ಆ ಭಾರವನ್ನೂ ಹೊರುತ್ತದೆ. ಶ್ರಮದ ಕೆಲಸಕ್ಕೆ ಹೋದಾಗ ಕೊರತೆ ಗೊತ್ತಾಗುತ್ತದೆ. ದೇಹಕ್ಕೆ ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ ಇದೆ, ಆದರೆ ಎರಡೂ ತೆರೆದಿರುವವನಷ್ಟು ದೂರ ಅದರಲ್ಲಿ ಹೋಗಲಿಕ್ಕೆ ಆಗುವುದಿಲ್ಲ.

ಇದೆಲ್ಲ ನಮ್ಮ ನಾಡಿಗೆ ದೂರದ ಮಾತಲ್ಲ. ಕಾಸರಗೋಡು, ಮಂಜೇಶ್ವರದ ಕಡೆ ಎಷ್ಟು ಮನೆಗಳಲ್ಲಿ ಬೀಡಿ ಕಟ್ಟಿದ ದುಡ್ಡಿನಿಂದ ಮಕ್ಕಳು ಓದಿದ್ದಾರೆ ಎಂಬುದು ನಿಮಗೆ ಗೊತ್ತುಂಟು. ಮಡಿಲಲ್ಲಿ ಗೆರಸೆ, ಅದರ ಮೇಲೆ ಎಲೆಯೂ ಹೊಗೆಸೊಪ್ಪೂ, ಕಣ್ಣು ಬೆರಳ ತುದಿಯಲ್ಲಿ, ಬೆನ್ನು ಕಮಾನಿನ ಹಾಗೆ. ಬೆಳಗಿನಿಂದ ಸಂಜೆಯ ತನಕ. ಅಡಿಕೆ ಸುಲಿಯುವವರದ್ದೂ ಅದೇ ಬಾಗು. ಈ ತಾಯಂದಿರು ಪಿ.ಟಿ.ಎ. ಸಭೆಗೆ ಬಂದಾಗ ಹೇಳುವುದು "ಬೆರಿ ಬೇನೆ" ಅಂತ, ಬೆನ್ನುನೋವು. ಹೊಗೆಸೊಪ್ಪಿನ ಧೂಳಿನಿಂದ ಶ್ವಾಸಕ್ಕೆ ಆಗುವ ತೊಂದರೆ ಬೇರೆಯೇ ಒಂದು ಕಥೆ, ಅದನ್ನು ಬೆನ್ನಿನ ಲೆಕ್ಕಕ್ಕೆ ಸೇರಿಸಬಾರದು. ಆದರೆ ಗಂಟೆಗೊಮ್ಮೆ ಗೆರಸೆ ಬದಿಗಿಟ್ಟು ಎದ್ದು, ಎರಡೂ ಕೈ ತಲೆಯ ಹಿಂದೆ ಇಟ್ಟು ಬೆನ್ನು ಹಿಂದಕ್ಕೆ ಚಾಚಿದರೆ ಸುಖವಾಗುತ್ತದೆ ಎಂದು ಅವರಿಗೆ ಹೇಳುವವರು ಯಾರು? ವಿಜ್ಞಾನ ಪಾಠ ಕೇಳಿ ಮನೆಗೆ ಹೋದ ಮಗುವೇ ಹೇಳಬೇಕು.

ಇದರ ಎದುರಿಗೆ ಇನ್ನೊಂದು ಚಿತ್ರ. ಪಾರ್ತಿಸುಬ್ಬನ ನಾಡಿನವರು ನಾವು, ಯಕ್ಷಗಾನ ನೋಡದ ಮಗು ನಮ್ಮ ತರಗತಿಯಲ್ಲಿ ಅಪರೂಪ. ಜಾಗಟೆ ಹಿಡಿದು ಏರುಶ್ರುತಿಯಲ್ಲಿ ಪದ ಹೇಳುವ ಭಾಗವತರು ಕುಗ್ಗಿ ಕೂತದ್ದನ್ನು ನಾನಂತೂ ಕಂಡಿಲ್ಲ. ಹಾಡುವವರಿಗೆ ಮುಖ್ಯವಾದದ್ದು ಉಸಿರನ್ನು ಎಳೆಯುವುದಕ್ಕಿಂತಲೂ ತಡೆದು ತಡೆದು ಬಿಡುವುದು. ಪಕ್ಕೆಲುಬುಗಳನ್ನು ಥಟ್ಟನೆ ಬೀಳಗೊಡದೆ ನಿಧಾನಕ್ಕೆ ಇಳಿಸಬೇಕು. ಅವು ಮೊದಲು ಏಳದೇ ಇದ್ದರೆ ಇಳಿಸುವುದು ಯಾವುದನ್ನು? ನಾವು ಪಾಠ ಮಾಡುವವರಿಗೂ ಇದೇ ಮಾತು ಸಲ್ಲುತ್ತದೆ. ದಿನಕ್ಕೆ ಐದಾರು ಪಿರಿಯಡ್ ಗಂಟಲು ಹರಿದು ಮಾತಾಡಿ, ಮತ್ತೆ ಮನೆಯಲ್ಲಿ ಉತ್ತರಪತ್ರಿಕೆಯ ಕಟ್ಟಿನ ಮೇಲೆ ಬಗ್ಗಿ ಕೂತು, ಸ್ವರ ಬಿದ್ದಾಗ ಬಿಸಿನೀರು, ಜೇನು, ಶುಂಠಿ ಎಂದು ಗಂಟಲಿಗೆ ಉಪಚಾರ ಮಾಡ್ತೇವೆ. ಬೆನ್ನನ್ನು ಕೇಳುವವರಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಒಂದು ಒಳ್ಳೆಯ ಸುದ್ದಿ ಮೊದಲು: ಹೆಚ್ಚಿನ ಮಕ್ಕಳ ಬೆನ್ನು ಬಿಗಿದಿರುವುದಿಲ್ಲ. ಬಿಗಿತ ವಯಸ್ಸಿನೊಂದಿಗೆ, ಒಂದೇ ಭಂಗಿಯ ಅಭ್ಯಾಸದೊಂದಿಗೆ ಬರುವಂಥದ್ದು. ಆದ್ದರಿಂದ ಅವರಿಗೆ ಬೇಕಾದದ್ದು ಚಿಕಿತ್ಸೆಯಲ್ಲ, ಅಲುಗುವ ಅವಕಾಶ. ಅದನ್ನೇ ನಾವು ಕಸಿದುಕೊಳ್ಳುತ್ತಿದ್ದೇವೆ. ಒರಗಲು ಹಿಂಬದಿ ಇಲ್ಲದ ಬೆಂಚು, ಎಲ್ಲ ಎತ್ತರದವರಿಗೂ ಒಂದೇ ಡೆಸ್ಕು, ನಲವತ್ತು ನಿಮಿಷದ ಮೇಲೆ ನಲವತ್ತು ನಿಮಿಷ. ಮಕ್ಕಳ ಸಂಖ್ಯೆ ಸಾಲದೆ ದೈಹಿಕ ಶಿಕ್ಷಕರ ಹುದ್ದೆಯೇ ಇಲ್ಲದ ಸಣ್ಣ ಕನ್ನಡ ಶಾಲೆಗಳಲ್ಲಿ ಆಟದ ಪಿರಿಯಡ್ ಎಂದರೆ ಮುಗಿಯದ ಪಾಠ ಮುಗಿಸುವ ಪಿರಿಯಡ್. ಪರೀಕ್ಷೆ ಹತ್ತಿರ ಬಂದಾಗಂತೂ ಗಣಿತದವರಿಗೂ ವಿಜ್ಞಾನದವರಿಗೂ ಅದರ ಮೇಲೆ ಪೈಪೋಟಿ. ವಿಜ್ಞಾನ ಕಲಿಸುವ ನಾವೇ ಮಕ್ಕಳ ಉಸಿರಿನ ಪಿರಿಯಡನ್ನು ಎತ್ತಿಕೊಂಡು ಅದರಲ್ಲಿ ಶ್ವಾಸೋಚ್ಛ್ವಾಸದ ನೋಟ್ಸ್ ಬರೆಸುವುದು ಯಾವ ನ್ಯಾಯ? ನನ್ನ ಅಭಿಪ್ರಾಯ ಖಡಾಖಂಡಿತ. ಆಟದ ಪಿರಿಯಡನ್ನು ಯಾವ ಕಾರಣಕ್ಕೂ ಮುಟ್ಟುವುದಿಲ್ಲ ಎಂದು ಮೊದಲು ಹೇಳಬೇಕಾದವರು ವಿಜ್ಞಾನ ಅಧ್ಯಾಪಕರು.

ಚೀಲದ ಬಗ್ಗೆ ಎಲ್ಲರೂ ಮಾತಾಡಿ ಆಗಿದೆ, ಆದರೂ ಒಂದು ಅಂಕಿ ನೆನಪಿರಲಿ. 2020ರ ಕೇಂದ್ರ ಶಾಲಾ ಚೀಲ ನೀತಿಯ ಪ್ರಕಾರ ಚೀಲದ ಭಾರ ಮಗುವಿನ ತೂಕದ ಶೇಕಡಾ 10ನ್ನು ಮೀರಬಾರದು. 30 ಕೆ.ಜಿ.ಯ ಮಗುವಿಗೆ 3 ಕೆ.ಜಿ. ಅಷ್ಟೆ. ನೀರಿನ ಬಾಟ್ಲಿ, ಟಿಫಿನ್, ಒದ್ದೆ ಕೊಡೆ ಇವನ್ನೂ ಸೇರಿಸಿ ಒಮ್ಮೆ ತೂಗಿ ನೋಡಿ. ಭಾರದ ಚೀಲ ಹೊತ್ತ ಮಗು ಮುಂದಕ್ಕೆ ಬಾಗುತ್ತದೆ, ಪಟ್ಟಿಗಳು ಎದೆಯ ಗೋಡೆಯನ್ನು ಬಿಗಿಯುತ್ತವೆ. ಬಸ್ಸಿಳಿದು ಗುಡ್ಡ ಹತ್ತಿ ಬರುವ ಮಗುವಿಗೆ ಆಗಲೇ ಪಕ್ಕೆಲುಬು ತೆರೆಯಬೇಕಾದದ್ದು, ಆಗಲೇ ಅದನ್ನು ಕಟ್ಟಿಹಾಕಿರುವುದು.

ಇನ್ನೊಂದು ವಿಷಯ ಹೇಳಲು ಸ್ವಲ್ಪ ಸಂಕೋಚ, ಆದರೆ ಹೇಳಲೇಬೇಕು. ಆರು, ಏಳನೇ ತರಗತಿಯ ತನಕ ನೆಟ್ಟಗೆ ನಡೆಯುತ್ತಿದ್ದ ಹುಡುಗಿಯರು ಎಂಟನೆಯದಕ್ಕೆ ಬರುವಾಗ ಭುಜ ಮುಂದಕ್ಕೆ ಮುದುಡಿ, ಪುಸ್ತಕವನ್ನು ಎದೆಗೆ ಅವಚಿಕೊಂಡು ನಡೆಯುತ್ತಾರೆ. ಇದು ಸೋಮಾರಿತನವಲ್ಲ, ನಾಚಿಕೆ. ಬೆಳೆಯುವ ದೇಹವನ್ನು ಅಡಗಿಸುವ ಪ್ರಯತ್ನ. ಅಂಥ ಹುಡುಗಿಗೆ ಎಲ್ಲರೆದುರು "ನೆಟ್ಟಗೆ ನಿಲ್ಲು" ಎಂದು ಗದರಿಸಿದರೆ ಅವಳು ಇನ್ನಷ್ಟು ಮುದುಡುತ್ತಾಳೆ. ಅವಳಿಗೆ ಬೇಕಾದದ್ದು ಹುಡುಗರ ಕಣ್ಣಿಲ್ಲದ ಒಂದು ಮೂಲೆಯ ಅಂಗಳ, ಥ್ರೋಬಾಲ್, ಸ್ಕಿಪ್ಪಿಂಗ್ ಹಗ್ಗ, ಮತ್ತು ಜೊತೆಗೆ ಆಡುವ ಒಬ್ಬ ಟೀಚರ್. ಸಣ್ಣ ವಯಸ್ಸಿನಲ್ಲಿ ಮುದುಡಿದ ಬೆನ್ನು ಮುಂದೆ ಗೆರಸೆಯ ಮುಂದೆಯೋ, ಕಂಪ್ಯೂಟರಿನ ಮುಂದೆಯೋ ಹಾಗೆಯೇ ಉಳಿಯುವುದುಂಟು.

ಮಾಡಬೇಕಾದದ್ದು ದೊಡ್ಡದಲ್ಲ. ಎರಡು ಪಿರಿಯಡುಗಳ ನಡುವೆ ಎರಡು ನಿಮಿಷ. ಬೆಂಚಿನಲ್ಲಿ ಕೂತಲ್ಲಿಯೇ ಕೈಗಳನ್ನು ಎದೆಯ ಮೇಲೆ ಕತ್ತರಿ ಹಾಕಿ ಭುಜ ಹಿಡಿದು, ಸೊಂಟ ಅಲುಗಿಸದೆ ಎಡಕ್ಕೂ ಬಲಕ್ಕೂ ತಿರುಗುವುದು. ಸೊಂಟದ ಮಣಿಗಳು ತಿರುಗುವುದು ತೀರ ಕಡಿಮೆ, ತಿರುಗುವ ಕೆಲಸ ಹೆಚ್ಚಾಗಿ ಎದೆಭಾಗದ ಮಣಿಗಳದ್ದು ಎಂಬುದನ್ನು ಆಗಲೇ ಹೇಳಿಬಿಡಬಹುದು. ಮತ್ತೆ ಕೈಗಳನ್ನು ತಲೆಯ ಹಿಂದೆ ಹೆಣೆದು, ಮೊಣಕೈ ಅಗಲಿಸಿ, ಎದೆಯನ್ನು ಮಾಡಿನ ಕಡೆಗೆ ಎತ್ತುತ್ತಾ ಉಸಿರೆಳೆಯುವುದು, ಇಳಿಸುತ್ತಾ ಬಿಡುವುದು. ಒಂದು ಕೈ ಮೇಲೆತ್ತಿ ಪಕ್ಕಕ್ಕೆ ಬಾಗಿ, ಚಾಚಿದ ಬದಿಯ ಪಕ್ಕೆಗಳೊಳಗೆ ಎರಡು ಸಲ ಉಸಿರು ತುಂಬುವುದು. ಮೂರು ಮೂರು ಸಲ ಸಾಕು. ಇದನ್ನು ಯೋಗ ಎನ್ನಿ, ಡ್ರಿಲ್ ಎನ್ನಿ, ಹೆಸರಿನಲ್ಲಿ ಏನಿಲ್ಲ. ಯಾರು ಎಷ್ಟು ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಸ್ಪರ್ಧೆ ಮಾತ್ರ ಬೇಡ. ಉಬ್ಬಸ ಇರುವ ಮಗುವಿಗೆ ಅದರ ಪಾಡಿಗೆ ನಿಧಾನವಾಗಿ ಮಾಡಲು ಬಿಡಿ.

ಸುಮ್ಮನೆ "ನೆಟ್ಟಗೆ ಕೂತ್ಕೋ" ಎಂದು ಇಡೀ ಪಿರಿಯಡ್ ಕಂಬದ ಹಾಗೆ ಕೂರಿಸುವುದರಿಂದಲೂ ಪ್ರಯೋಜನವಿಲ್ಲ. ನೆಟ್ಟಗೆ ಬಿಗಿದು ಕೂತ ಬೆನ್ನೂ ಅಲುಗದ ಬೆನ್ನೇ. ಒಳ್ಳೆಯ ಭಂಗಿ ಎಂದರೆ ಆಗಾಗ ಬದಲಾಗುವ ಭಂಗಿ. ಚಡಪಡಿಸುವ ಮಗುವನ್ನು ಕಂಡರೆ ನನಗೆ ಈಗೀಗ ಸಿಟ್ಟು ಬರುವುದು ಕಡಿಮೆ.

ಬೆನ್ನು ನೋಡುವ ಅಭ್ಯಾಸ ನಮಗಾದರೆ ಇನ್ನೊಂದು ಲಾಭವೂ ಇದೆ. ಹತ್ತರಿಂದ ಹದಿನೈದರ ನಡುವೆ, ಮಕ್ಕಳು ಸರಸರನೆ ಎತ್ತರ ಬೆಳೆಯುವ ಕಾಲದಲ್ಲಿ, ಕೆಲವರ ಬೆನ್ನೆಲುಬು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವುದುಂಟು. ಸ್ಕೋಲಿಯೋಸಿಸ್ ಎನ್ನುತ್ತಾರೆ. ಇದು ಚೀಲದಿಂದಲೂ ಕೂರುವ ರೀತಿಯಿಂದಲೂ ಬರುವುದಲ್ಲ, ಹೆತ್ತವರನ್ನು ದೂರಬೇಕಾಗಿಲ್ಲ. ಸಣ್ಣ ಬಾಗಿನಿಂದ ಉಸಿರಿಗೆ ತೊಂದರೆಯೂ ಇಲ್ಲ. ಆದರೆ ಬಾಗು ತೀರ ಹೆಚ್ಚಾದರೆ ಒಂದು ಬದಿಯ ಶ್ವಾಸಕೋಶಕ್ಕೆ ಜಾಗವೇ ಇಲ್ಲದಂತಾಗುತ್ತದೆ, ಮತ್ತು ಬೆಳವಣಿಗೆ ಮುಗಿಯುವ ಮೊದಲು ಕಂಡುಹಿಡಿದರೆ ಮಾತ್ರ ಪಟ್ಟಿ ಕಟ್ಟಿ ತಡೆಯುವ ಅವಕಾಶ. ಮಗು ಕಾಲು ಜೋಡಿಸಿ, ಕೈ ಜೋತುಬಿಟ್ಟು ಮುಂದಕ್ಕೆ ಬಗ್ಗಿದಾಗ ಹಿಂದಿನಿಂದ ನೋಡಿ. ಒಂದು ಬದಿಯ ಪಕ್ಕೆಲುಬುಗಳು ಇನ್ನೊಂದು ಬದಿಗಿಂತ ಉಬ್ಬಿ ಕಂಡರೆ, ಅಥವಾ ನಿಂತಾಗ ಒಂದು ಭುಜ ತಗ್ಗಿದ್ದರೆ, ಮನೆಯವರಿಗೆ ಮೆಲ್ಲನೆ ಹೇಳಿ ವೈದ್ಯರಲ್ಲಿಗೆ ಕಳಿಸುವುದು ನಮ್ಮಿಂದ ಆಗುವ ಕೆಲಸ. ಕಾಯಿಲೆಯ ಹೆಸರು ಹೇಳುವುದು ನಮ್ಮ ಕೆಲಸವಲ್ಲ.

ಕೊನೆಗೆ ಬಾಟ್ಲಿಯ ಜೊತೆಗೆ ಮಾಡಬಹುದಾದ ಪ್ರಯೋಗ. ಖರ್ಚು ಒಂದು ಹೊಲಿಗೆಯ ಟೇಪು, ಅದೂ ಇಲ್ಲದಿದ್ದರೆ ಒಂದು ರಿಬ್ಬನ್ನು ಮತ್ತು ಸ್ಕೇಲು. ಮಕ್ಕಳು ತಮ್ಮ ತಮ್ಮ ಎದೆಯ ಸುತ್ತ, ಅಂಗಿಯ ಮೇಲಿಂದಲೇ, ಕಂಕುಳಿಗಿಂತ ನಾಲ್ಕು ಬೆರಳು ಕೆಳಗೆ ತಾವೇ ಟೇಪು ಹಿಡಿದುಕೊಳ್ಳಲಿ. ಹುಡುಗಿಯರಿಗೆ ಬೇರೆ ಕೋಣೆ ಇದ್ದರೆ ಒಳ್ಳೆಯದು, ಹೆಸರು ಬರೆಯದೆ ಅಂಕಿ ಮಾತ್ರ ಬರೆದರೆ ಇನ್ನೂ ಒಳ್ಳೆಯದು. ಪೂರ್ತಿ ಉಸಿರು ಬಿಟ್ಟು ಒಂದು ಅಳತೆ, ಪೂರ್ತಿ ಎಳೆದು ಒಂದು ಅಳತೆ, ಎರಡರ ವ್ಯತ್ಯಾಸ. ಇದನ್ನು ಮೂರು ರೀತಿಯಲ್ಲಿ ಮಾಡಿಸಿ: ನೆಟ್ಟಗೆ ಕೂತು, ಕುಗ್ಗಿ ಕೂತು, ಚೀಲ ಹೊತ್ತು ನಿಂತು. ಪ್ರತಿಯೊಂದಕ್ಕೂ ಮೂರು ಸಲ ಅಳೆದು ಸರಾಸರಿ. ಟೇಪು ಬಿಗಿ ಹಿಡಿದವರ ಅಂಕಿಯೂ ಸಡಿಲ ಹಿಡಿದವರ ಅಂಕಿಯೂ ಬೇರೆ ಬರುತ್ತದೆ, ಅಳತೆಯ ದೋಷ ಎಂದರೇನೆಂದು ಆಗ ಬೇರೆ ಪಾಠ ಬೇಡ. ಹಲಗೆಯ ಮೇಲೆ ಸ್ತಂಭಾಲೇಖ ಬರೆದರೆ ಗಣಿತದವರಿಗೂ ಒಂದು ಪಿರಿಯಡ್ ಸಿಕ್ಕಿತು. ಅಧ್ಯಾಪಕರೂ ಅಳೆದುಕೊಳ್ಳಿ. ನಲವತ್ತೈದು ದಾಟಿದವರ ಅಂಕಿ ಏಳನೇ ತರಗತಿಯ ಮಕ್ಕಳ ಅಂಕಿಗಿಂತ ಹಿಂದೆ ಬಿದ್ದರೆ ಮಕ್ಕಳು ನಗುತ್ತಾರೆ, ನಗಲಿ. ಆಮೇಲೆ ಎರಡು ನಿಮಿಷದ ಆ ಕಸರತ್ತನ್ನು ಒಂದು ತಿಂಗಳು ಮಾಡಿಸಿ ಮತ್ತೆ ಅಳೆಯಿರಿ. ವ್ಯತ್ಯಾಸ ಬಂದರೂ ಬರಿಯಿರಿ, ಬಾರದಿದ್ದರೂ ಬರಿಯಿರಿ. ನಾಲ್ಕೈದು ಶಾಲೆಗಳ ಪಟ್ಟಿ ಒಟ್ಟಾದರೆ ಮುಂದಿನ ಸಂಚಿಕೆಯಲ್ಲಿ ಅದನ್ನೇ ಹಾಕಬಹುದು.